ಒಡವೆ ಕೆಲಸದ ಹೊಗೆ, ನೀರು, ಕೂಲಿ: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಮ್ಮದು ಚಿನ್ನ, ಬೆಳ್ಳಿ ಒಡವೆ ಮಾಡುವ ಚಿಕ್ಕ ವರ್ಕ್‌ಶಾಪ್. ಓಲೆ, ಜುಮುಕಿ, ಗುಂಡಿನ ಸರ, ಕಾಸಿನ ಸರ, ತಾಳಿ, ಕಾಲುಂಗುರ ಎಲ್ಲ ಇಲ್ಲೇ ಆಗುತ್ತವೆ. ಬೇಲೂರಿನ ಮದನಿಕೆಯರ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ, ಇದೇ ಥರದ ಡಾಬು ಬೇಕು ಅನ್ನುವವರೂ ಬರುತ್ತಾರೆ. ಮುಂಚೆ ಎಲ್ಲರೂ ಕೇಳುತ್ತಿದ್ದದ್ದು ಎರಡೇ: ಇವತ್ತು ಗ್ರಾಂ ಎಷ್ಟು, ವೇಸ್ಟೇಜ್ ಎಷ್ಟು. ಈಗ, ಅದರಲ್ಲೂ ಮದುವೆ ಒಡವೆಗೆ ಬರುವ ಹುಡುಗ ಹುಡುಗಿಯರು, ಈ ಚಿನ್ನ ಎಲ್ಲಿಯದು, ಒಳಗೆ ಕೂತು ಕೆಲಸ ಮಾಡುವವರಿಗೆ ಏನು ಸಿಗುತ್ತದೆ, ಆಸಿಡ್ ಎಲ್ಲಿಗೆ ಬಿಡುತ್ತೀರಿ ಎಂದೆಲ್ಲ ಕೇಳುತ್ತಾರೆ. ಕೇಳಬೇಕಾದ್ದೇ. ಕೌಂಟರ್ ಮುಂದೆ ನಿಂತು ಪೂರ್ತಿ ಹೇಳಲು ಆಗುವುದಿಲ್ಲ, ಅದಕ್ಕೇ ಇಲ್ಲಿ ಬರೆದಿದ್ದೇವೆ.

ನಿಮ್ಮ ಚಿನ್ನ ಎಲ್ಲಿಂದ ಬರುತ್ತದೆ?

ಎರಡು ದಾರಿಯಲ್ಲಿ ಬರುತ್ತದೆ. ಒಂದು, ನೀವೇ ತಂದುಕೊಡುವ ಹಳೇ ಒಡವೆ. ಇನ್ನೊಂದು, ನಾವು ಬಿಲ್ ಹಾಕಿಸಿ ಕೊಳ್ಳುವ ಗಟ್ಟಿ.

ನಮ್ಮ ಕರ್ನಾಟಕದಲ್ಲೇ ಗಣಿ ಇದೆಯಲ್ಲ, ಅಲ್ಲಿಯ ಚಿನ್ನ ಅಲ್ವಾ ಎಂದು ಬಹಳ ಜನ ಕೇಳುತ್ತಾರೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ರಾಜ್ಯ ಸರ್ಕಾರದ ಗಣಿ ಈಗಲೂ ನಡೆಯುತ್ತಿದೆ. ಕೋಲಾರದ ಕೆಜಿಎಫ್ 2001ರ ಫೆಬ್ರವರಿ 28ರಂದು ಮುಚ್ಚಿತು. ಆದರೆ ನಮ್ಮ ದೇಶದ ಗಣಿಗಳಿಂದ ಬರುವುದು ಬಹಳ ಕಡಿಮೆ. ವರ್ಷಕ್ಕೆ ನೂರಾರು ಟನ್ ಹೊರದೇಶದಿಂದಲೇ ತರಿಸುತ್ತೇವೆ. ಹಾಗಾಗಿ ಹಾಸನದ ಯಾವುದೇ ಅಂಗಡಿಯ ಚಿನ್ನ ಹೆಚ್ಚಾಗಿ ಒಂದೋ ಹೊರದೇಶದ್ದು, ಇಲ್ಲಾ ಯಾರದೋ ಮನೆಯ ಹಳೇ ಒಡವೆ ಕರಗಿಸಿದ್ದು.

ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಹೀಗೆ ಹೇಳಿದರೆ ಬೇಗ ಅರ್ಥ ಆಗುತ್ತದೆ. ಕಾಫಿ ಮೂಟೆ ಯಾವ ತೋಟದ್ದು, ಯಾವ ಕ್ಯೂರಿಂಗ್‌ಗೆ ಹೋಯಿತು ಎಂದು ದಾಖಲೆ ಇಟ್ಟು ಹೇಳಬಹುದು. ಚಿನ್ನ ಹಾಗಲ್ಲ. ಮೂಸೆಗೆ ಬಿದ್ದು ಕರಗಿದ ಕ್ಷಣ ಹತ್ತು ಊರಿನದ್ದು ಒಂದಾಗುತ್ತದೆ, ಆಮೇಲೆ ಬೇರೆ ಮಾಡಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ಚಿನ್ನದಲ್ಲಿ ಹಿಡಿತ ಇಡಬೇಕಾದದ್ದು ಕರಗಿಸುವ ಜಾಗದಲ್ಲಿ, ಅಂದರೆ ರಿಫೈನರಿಯಲ್ಲಿ. ಲಂಡನ್ನಿನ ಬುಲಿಯನ್ ಮಾರುಕಟ್ಟೆ ಸಂಘ, ಅಂದರೆ ಎಲ್‌ಬಿಎಂಎ, ತನ್ನ ಪಟ್ಟಿಯಲ್ಲಿರುವ ರಿಫೈನರಿಗಳು ಚಿನ್ನ ಎಲ್ಲಿಂದ ಬಂತು ಎಂದು ವಿಚಾರಿಸಲೇಬೇಕು, ಅದನ್ನು ಹೊರಗಿನವರಿಂದ ಆಡಿಟ್ ಮಾಡಿಸಬೇಕು ಎಂದು 2012ರಿಂದ ನಿಯಮ ಇಟ್ಟಿದೆ. ಯುದ್ಧ ಮಾಡುವ ಗುಂಪುಗಳಿಗೆ ಹಣ ಹೋಗದಿರಲಿ, ಮಕ್ಕಳನ್ನು ಗಣಿಗೆ ಇಳಿಸದಿರಲಿ ಅನ್ನುವುದೇ ಅದರ ಉದ್ದೇಶ. ನಾವು ಕೊಳ್ಳುವುದು ಅಂಥ ರಿಫೈನರಿಯ ಮುದ್ರೆ, ನಂಬರ್ ಇರುವ ಗಟ್ಟಿಯನ್ನು ಮಾತ್ರ. ಮುದ್ರೆ ಇಲ್ಲದ, ಸ್ವಲ್ಪ ಅಗ್ಗಕ್ಕೆ ಸಿಗುವ ಗಟ್ಟಿಯನ್ನು ಮುಟ್ಟುವುದಿಲ್ಲ. ಅದು ಅಗ್ಗ ಆಗಿರುವುದಕ್ಕೆ ಎಲ್ಲೋ ಒಂದು ಕಡೆ ಯಾರೋ ಬೆಲೆ ಕೊಟ್ಟಿರುತ್ತಾರೆ.

ಹಾಗಂತ ನಿಮ್ಮ ತಾಳಿಯ ಚಿನ್ನ ಇಂಥದ್ದೇ ಗಣಿಯದ್ದು ಎಂದು ಬೆರಳಿಟ್ಟು ತೋರಿಸಲು ನಮ್ಮಿಂದ ಆಗುವುದಿಲ್ಲ. ಹಾಗೆ ಯಾರಾದರೂ ಹೇಳಿದರೆ ಕಾಗದ ಕೇಳಿ.

ಹಳೇ ಒಡವೆ ಕರಗಿಸಿ ಹೊಸದು ಮಾಡಿಸಿದರೆ ಪರಿಸರಕ್ಕೆ ಒಳ್ಳೆಯದಾ?

ಹೌದು, ತುಂಬಾ ಒಳ್ಳೆಯದು. ಒಳ್ಳೆಯ ಗಣಿಯಲ್ಲೂ ಒಂದು ಟನ್ ಅದಿರು ಅಗೆದು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ ಚಿನ್ನ. ಉಳಿದದ್ದೆಲ್ಲ ಕಸ. ಅದಿರಿನಿಂದ ಚಿನ್ನ ಬಿಡಿಸಲು ಸಾಮಾನ್ಯವಾಗಿ ಸಯನೈಡ್ ಬೇಕು. ಕೆಜಿಎಫ್‌ಗೆ ಹೋದವರು ಊರ ಸುತ್ತ ನಿಂತಿರುವ ಸಯನೈಡ್ ದಿಣ್ಣೆಗಳನ್ನು ನೋಡಿರುತ್ತೀರಿ. ಗಣಿ ಮುಚ್ಚಿ ಇಷ್ಟು ವರ್ಷ ಆದರೂ ಗಾಳಿ ಎದ್ದರೆ ಅದರ ಧೂಳು ಮನೆಗಳ ಒಳಗೆ ಬರುತ್ತದೆ. ಗಣಿ ಹೋದ ಮೇಲೂ ಅದರ ಕಸ ಅಲ್ಲೇ ಇರುತ್ತದೆ ಅನ್ನುವುದು ನಮ್ಮ ಮಲೆನಾಡಿನವರಿಗೂ ಗೊತ್ತು. ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುವುದು ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ನಿಂತಿತು, ಆದರೆ ಲಖ್ಯಾ ಅಣೆಕಟ್ಟೆಯ ಹಿಂದೆ ತುಂಬಿದ ಹೂಳು ಇವತ್ತಿಗೂ ಅಲ್ಲೇ ಇದೆ.

ಇನ್ನು ಆಫ್ರಿಕಾ, ದಕ್ಷಿಣ ಅಮೆರಿಕದ ಕಡೆ ಸಣ್ಣ ಗಣಿಗಳಲ್ಲಿ ಬಡವರು ಕೈಯಲ್ಲೇ ಅಗೆದು, ಅದಿರಿಗೆ ಪಾದರಸ ಬೆರೆಸಿ, ಅದನ್ನು ಬೆಂಕಿಯಲ್ಲಿ ಸುಟ್ಟು ಚಿನ್ನ ತೆಗೆಯುತ್ತಾರೆ. ಮನುಷ್ಯರಿಂದ ಗಾಳಿಗೆ ಸೇರುವ ಪಾದರಸದಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಇಂಥ ಸಣ್ಣ ಚಿನ್ನದ ಗಣಿಗಳದ್ದೇ ಎಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಲೆಕ್ಕ ಹಾಕಿದೆ. ಪಾದರಸ ತಡೆಯುವ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಸೇರಿತು. ಒಪ್ಪಂದ ಇದೆ ಎಂದ ಮಾತ್ರಕ್ಕೆ ಸುಡುವುದು ನಿಂತಿಲ್ಲ.

ಹಾಗಾಗಿ ಮನೆಯ ಬೀರುವಿನಲ್ಲಿ ಸುಮ್ನೆ ಬಿದ್ದಿರುವ ಮುರಿದ ಬಳೆ, ಒಂಟಿ ಓಲೆ, ಹರಿದ ಸರ ತಂದುಕೊಡಿ. ಅದರಲ್ಲೇ ಮಾಡೋಣ. ಆದರೆ ಒಂದು ಮಾತು. ಅಜ್ಜಿ ಕಾಲದ ಅಡ್ಡಿಕೆ, ಬುಗುಡಿ, ಕೈಕೆಲಸದ ಹಳೇ ಓಲೆ ತಂದು ಕರಗಿಸಿ ಅಂದರೆ ನಾವು ತಕ್ಷಣ ಒಪ್ಪುವುದಿಲ್ಲ. ಅಂಥ ಕೆಲಸ ಮಾಡುವ ಕೈಗಳೇ ಈಗ ಕಡಿಮೆ. ಕೊಂಡಿ ಸಡಿಲ ಆಗಿದ್ದರೆ ಸರಿ ಮಾಡಿಸಿ, ಹರಳು ಬಿದ್ದಿದ್ದರೆ ಕೂರಿಸಿಕೊಂಡು ಹಾಕಿಕೊಳ್ಳಿ. ರಿಪೇರಿಗೆ ನಮಗೆ ಸಿಗುವುದು ಕಡಿಮೆ, ಆದರೂ ಅದೇ ಸರಿ ಅನ್ನಿಸುತ್ತದೆ.

ನೀವು ಕೊಳ್ಳುವ ಹಳೇ ಚಿನ್ನ ಕಳ್ಳತನದ್ದಲ್ಲ ಎಂದು ಹೇಗೆ ಹೇಳುತ್ತೀರಿ?

ಮಾರಲು ಬಂದವರ ಗುರುತಿನ ಚೀಟಿ, ವಿಳಾಸ, ಫೋನ್ ನಂಬರ್ ಬರೆದುಕೊಳ್ಳುತ್ತೇವೆ. ಒಡವೆಯ ಫೋಟೋ ತೆಗೆಯುತ್ತೇವೆ. ಹಣ ಬ್ಯಾಂಕ್ ಖಾತೆಗೆ ಹಾಕುತ್ತೇವೆ. ಕೊಂಡ ತಕ್ಷಣ ಕರಗಿಸದೆ ಸ್ವಲ್ಪ ದಿನ ಹಾಗೇ ಇಡುತ್ತೇವೆ. ಕದ್ದ ಮಾಲು ಎಂದು ಗೊತ್ತಿದ್ದು ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಪ್ರಕಾರ ಕೊಂಡವರೂ ಅಪರಾಧಿಗಳೇ.

ಕಾನೂನಿಗಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಮಾರಲು ಬರುವವರಲ್ಲಿ ಬಹಳ ಜನ ಕಷ್ಟದಲ್ಲಿ ಬರುತ್ತಾರೆ. ಆಸ್ಪತ್ರೆ ಖರ್ಚು, ಮಗುವಿನ ಫೀಸು, ಮೆಣಸು ಕಾಫಿ ಕೈಕೊಟ್ಟ ವರ್ಷ. ಅಂಥವರಿಗೆ ತೂಕದಲ್ಲಿ, ಟಚ್‌ನಲ್ಲಿ, ಅಂದರೆ ಶುದ್ಧತೆಯ ಲೆಕ್ಕದಲ್ಲಿ ಕೈ ಆಡಿಸುವುದು ಸುಲಭ, ಯಾಕೆಂದರೆ ಅವರು ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ನಾವು ಅವರ ಕಣ್ಣ ಮುಂದೆಯೇ ತೂಗಿ, ಮಷಿನ್‌ನಲ್ಲಿ ಶುದ್ಧತೆ ತೋರಿಸಿ, ಲೆಕ್ಕ ಬರೆದು ಕೊಡುತ್ತೇವೆ. ಮಾರುವ ಬದಲು ಬ್ಯಾಂಕಿನಲ್ಲಿ ಅಡ ಇಟ್ಟರೆ ಸಾಕಾಗುತ್ತದೆ ಅನ್ನಿಸಿದರೆ ಅದನ್ನೂ ಹೇಳುತ್ತೇವೆ.

ಕೆಡಿಎಂ ಒಡವೆ ಮಾಡಿಕೊಡುತ್ತೀರಾ?

ಇಲ್ಲ.

ಕೆಡಿಎಂ ಅಂದರೆ ಒಳ್ಳೆಯ ಚಿನ್ನ ಅನ್ನುವ ನಂಬಿಕೆ ನಮ್ಮ ಕಡೆ ಇನ್ನೂ ಗಟ್ಟಿಯಾಗಿದೆ. ಮಗಳ ಮದುವೆಗೆ ಬಂದ ತಂದೆ ತಾಯಿ ಮೊದಲು ಕೇಳುವುದೇ ಅದನ್ನು. ಅದಕ್ಕೇ ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಕೆಡಿಎಂ ಅನ್ನುವುದು ಶುದ್ಧತೆಯ ಹೆಸರಲ್ಲ, ಬೆಸುಗೆಯ ಹೆಸರು. ಹಿಂದೆ ಬೆಸುಗೆಗೆ ಚಿನ್ನದ ಜೊತೆ ತಾಮ್ರ, ಬೆಳ್ಳಿ ಜಾಸ್ತಿ ಸೇರಿಸುತ್ತಿದ್ದರು. ಆಗ ಬೆಸುಗೆ ಇದ್ದ ಕಡೆಯೆಲ್ಲ ಶುದ್ಧತೆ ಇಳಿಯುತ್ತಿತ್ತು, ಒಡವೆ ಕರಗಿಸಿದಾಗ ಗಿರಾಕಿಗೆ ನಷ್ಟ. ಆಮೇಲೆ ಕ್ಯಾಡ್ಮಿಯಂ ಬಂತು. 92 ಭಾಗ ಚಿನ್ನಕ್ಕೆ 8 ಭಾಗ ಕ್ಯಾಡ್ಮಿಯಂ ಸೇರಿಸಿದರೆ ಬೆಸುಗೆ ಚೆನ್ನಾಗಿ ಹರಿಯುತ್ತದೆ, ಶುದ್ಧತೆಯೂ ಇಳಿಯುವುದಿಲ್ಲ. ಗಿರಾಕಿಗೆ ಲಾಭ, ಅಂಗಡಿಯವನಿಗೂ ಲಾಭ. ತೊಂದರೆ ಆದದ್ದು ಬೆಂಕಿಯ ಮುಂದೆ ಕೂತವನಿಗೆ.

ಕ್ಯಾಡ್ಮಿಯಂ 321 ಡಿಗ್ರಿಗೆ ಕರಗುತ್ತದೆ, 767 ಡಿಗ್ರಿಗೆ ಕುದಿದು ಹೊಗೆಯಾಗುತ್ತದೆ. ಚಿನ್ನ ಕರಗುವುದು 1064 ಡಿಗ್ರಿಗೆ. ಅಂದರೆ ಚಿನ್ನದ ಬೆಸುಗೆ ಹಿಡಿಯುವ ಬಿಸಿಯಲ್ಲಿ ಕ್ಯಾಡ್ಮಿಯಂ ಹೊಗೆ ಏಳಲೇಬೇಕು, ಅದನ್ನು ತಪ್ಪಿಸುವ ಕೈಚಳಕ ಯಾವುದೂ ಇಲ್ಲ. ಆ ಹೊಗೆ ಕುಡಿದಾಗ ತಕ್ಷಣ ಏನೂ ಅನ್ನಿಸುವುದಿಲ್ಲ. ಕೆಲವು ಗಂಟೆ ಆದ ಮೇಲೆ ಜ್ವರ, ಎದೆ ಬಿಗಿತ, ಕೆಮ್ಮು. ನೆಗಡಿ ಇರಬೇಕು ಎಂದು ಮಾತ್ರೆ ನುಂಗಿ ಮಾರನೇ ದಿನ ಮತ್ತೆ ಅಲ್ಲೇ ಕೂರುತ್ತಾರೆ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಒಳಗೆ ಹೋದರೆ ಮೂತ್ರಪಿಂಡ ಹಾಳಾಗುತ್ತದೆ, ಶ್ವಾಸಕೋಶ ಹಾಳಾಗುತ್ತದೆ. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೂ ಅದು ಇದೆ. ಆಚಾರ್ ಕೆಲಸ ಮಾಡಿದವರು ಬೇಗ ಹೋಗಿಬಿಡುತ್ತಾರೆ, ಅದು ಆ ಕೆಲಸದ ಹಣೆಬರಹ ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಹಣೆಬರಹ ಅಲ್ಲ ಅದು, ಹೊಗೆ.

ಈಗ ಹಾಲ್‌ಮಾರ್ಕ್ ಒಡವೆಯಲ್ಲಿ ಕ್ಯಾಡ್ಮಿಯಂ ಇರುವಂತಿಲ್ಲ. ಸತು, ಇಂಡಿಯಂ, ತಾಮ್ರ ಸೇರಿಸಿದ 22 ಕ್ಯಾರೆಟ್ ಬೆಸುಗೆಗಳು ಸಿಗುತ್ತವೆ. ಸ್ವಲ್ಪ ಜಾಸ್ತಿ ಬೆಲೆ, ಹಿಡಿಯಲು ಕೈ ಪಳಗಬೇಕು, ಅಷ್ಟೇ. ನಿಮಗೆ ಬೇಕಾದದ್ದು ಶುದ್ಧತೆ ಆದರೆ 916, ಅಂದರೆ ಸಾವಿರಕ್ಕೆ 916 ಭಾಗ ಚಿನ್ನ ಇರುವ 22 ಕ್ಯಾರೆಟ್ ಎಂದು ಕೇಳಿ.

ಹಾಲ್‌ಮಾರ್ಕ್ ಇದೆಯಲ್ಲ, ಅಷ್ಟು ಸಾಲದಾ?

ಹಾಲ್‌ಮಾರ್ಕ್ ಶುದ್ಧತೆಗೆ ಮಾತ್ರ ಸಾಕ್ಷಿ. ಅದನ್ನು ಅಗೆದವರು ಯಾರು, ಮಾಡಿದವರಿಗೆ ಕೂಲಿ ಸಿಕ್ಕಿತಾ, ಇದ್ಯಾವುದನ್ನೂ ಅದು ಹೇಳುವುದಿಲ್ಲ. ಆದರೂ ಅದು ಬೇಕೇ ಬೇಕು. 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯ ಆಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಅಂದರೆ ಆರು ಅಕ್ಷರ ಅಂಕಿಗಳ ಎಚ್‌ಯುಐಡಿ, ಅಂದರೆ ಪ್ರತಿ ಒಡವೆಗೂ ಬೇರೆಯಾದ ಗುರುತಿನ ಕೋಡ್ ಇರಲೇಬೇಕು. ಒಡವೆಯ ಮೇಲೆ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್‌ನ ಗುರುತು, 22ಕೆ916 ಥರದ ಶುದ್ಧತೆಯ ಗುರುತು, ಆ ಕೋಡ್, ಮೂರೂ ಇರಬೇಕು. ಕೋಡನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ಅಂಗಡಿ, ಯಾವ ಕೇಂದ್ರ ಎಂದು ಕಾಣುತ್ತದೆ. ನಮ್ಮ ಅಂಗಡಿಯಲ್ಲೇ ನಿಂತು ನೋಡಿ, ನಮಗೇನೂ ಬೇಜಾರಿಲ್ಲ. 2 ಗ್ರಾಂಗಿಂತ ಕಡಿಮೆ ತೂಕದ ಮೂಗುಬೊಟ್ಟಿನಂಥವಕ್ಕೆ ಕಡ್ಡಾಯ ಇಲ್ಲ.

ಆಸಿಡ್ ಎಲ್ಲ ಎಲ್ಲಿಗೆ ಹೋಗುತ್ತದೆ?

ಈ ಕಸುಬಿನಲ್ಲಿ ಮೂರು ಥರದ ದ್ರಾವಣ ಇರುತ್ತದೆ, ಬೇರೆ ಬೇರೆಯಾಗಿ ಹೇಳಬೇಕು.

ಬೆಸುಗೆ ಆದ ಮೇಲೆ ಒಡವೆ ಕಪ್ಪಾಗುತ್ತದೆ, ಬಿಳಿಗಾರ ಅಂಟಿಕೊಂಡಿರುತ್ತದೆ. ಅದನ್ನು ತೆಗೆಯಲು ಮುಂಚಿನಿಂದ ಬಿಸಿ ಮಾಡಿದ ಗಂಧಕಾಮ್ಲ ಬಳಸುತ್ತಾರೆ. ನಾವು ಸಿಟ್ರಿಕ್ ಆಸಿಡ್ ಬಳಸುತ್ತೇವೆ, ನಿಂಬೆಹಣ್ಣಿನಲ್ಲಿ ಇರುವುದೇ. ನಿಧಾನ, ಬಿಸಿಯಾಗಿ ಇಡಬೇಕು, ಆದರೆ ಕೈ ಸುಡುವುದಿಲ್ಲ, ಬಟ್ಟೆ ತೂತಾಗುವುದಿಲ್ಲ. ಬಳಸಿ ಹಳೆಯದಾದ ದ್ರಾವಣ ನೀಲಿ ತಿರುಗುತ್ತದೆ, ಅದು ತಾಮ್ರ. ಸಿಟ್ರಿಕ್ ತಾನೇ ಎಂದು ಅದನ್ನು ಚರಂಡಿಗೆ ಚೆಲ್ಲುವುದೂ ತಪ್ಪು, ತಾಮ್ರ ಮೀನಿಗೆ ವಿಷ.

ಎರಡನೆಯದು ಚಿನ್ನ ಶುದ್ಧ ಮಾಡುವ ಆಸಿಡ್. ನೈಟ್ರಿಕ್ ಆಸಿಡ್, ಅಥವಾ ಮೂರು ಪಾಲು ಹೈಡ್ರೋಕ್ಲೋರಿಕ್‌ಗೆ ಒಂದು ಪಾಲು ನೈಟ್ರಿಕ್ ಸೇರಿಸಿದ ರಾಜೋದಕ. ಇದರಿಂದ ಏಳುವ ಕಂದು ಹೊಗೆಯನ್ನು ಹಳೇ ಪೇಟೆ ಬೀದಿಗಳಲ್ಲಿ ಓಡಾಡಿದವರು ಕಂಡಿರುತ್ತೀರಿ, ಗಂಟಲಿಗೆ ಚುಚ್ಚುತ್ತದೆ. ಅದೂ ಕ್ಯಾಡ್ಮಿಯಂ ಥರವೇ, ಕೆಲವು ಗಂಟೆ ಬಿಟ್ಟು ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು. ನಮ್ಮ ಸುತ್ತ ಮನೆಗಳಿವೆ, ಸ್ಕೂಲಿನ ಮಕ್ಕಳು ಓಡಾಡುತ್ತಾರೆ, ಆದ್ದರಿಂದ ಈ ಕೆಲಸ ಇಲ್ಲಿ ಮಾಡುವುದೇ ಇಲ್ಲ. ಹೊರಗೆ ಕೊಡುತ್ತೇವೆ. ಕೊಟ್ಟು ಕೈ ತೊಳೆದುಕೊಂಡರೆ ಜವಾಬ್ದಾರಿ ಮುಗಿಯಿತಾ? ಇಲ್ಲ ಅಲ್ವಾ. ನಮ್ಮ ಹೊಗೆಯನ್ನು ಇನ್ನೊಬ್ಬರ ಬೀದಿಗೆ ಕಳಿಸಿದ ಹಾಗಾಗುತ್ತದೆ. ಅದಕ್ಕೇ ನಾವು ಕೊಡುವ ಕಡೆ ಹೊಗೆ ಎಳೆಯುವ ಫ್ಯಾನ್, ಆ ಹೊಗೆಯನ್ನು ಕ್ಷಾರದ ನೀರಿನಲ್ಲಿ ತೊಳೆಯುವ ಸ್ಕ್ರಬ್ಬರ್, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರ ಇದೆಯಾ ಎಂದು ಹೋಗಿ ನೋಡಿದ್ದೇವೆ. ಈ ಕೆಲಸದಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆಯವರು ದೇಶದ ಊರೂರಲ್ಲೂ ಇದ್ದಾರೆ, ತುಂಬಾ ತಿಳಿದವರು. ಕೆಟ್ಟ ಹೊಗೆ ಅವರಿಗೂ ಬೇಡ. ಸ್ಕ್ರಬ್ಬರ್ ಖರ್ಚಿಗೆ ತಕ್ಕ ರೇಟ್ ಕೊಡಲು ಅಂಗಡಿಯವರು ಒಪ್ಪಿದರೆ ಅವರು ಹಾಕಿಸುತ್ತಾರೆ.

ಮೂರನೆಯದು ಪಾಲಿಶ್, ಪ್ಲೇಟಿಂಗ್. ಚಿನ್ನ, ಬೆಳ್ಳಿ ನೀರು ಹಾಕುವ ದ್ರಾವಣಗಳಲ್ಲಿ ಸಯನೈಡ್ ಇರುತ್ತದೆ. ಸಯನೈಡಿಗೆ ಆಸಿಡ್ ತಾಗಿದರೆ ಜೀವ ತೆಗೆಯುವ ಗ್ಯಾಸ್ ಬರುತ್ತದೆ. ಎರಡೂ ಒಂದೇ ಕೋಣೆಯಲ್ಲಿ ಇರಲೇಬಾರದು. ಚಿಕ್ಕ ಜಾಗದಲ್ಲಿ ಅದು ಸಾಧ್ಯ ಇಲ್ಲ ಎಂದು ನಾವು ಸಯನೈಡ್ ಇಡುವುದನ್ನೇ ಬೇಡ ಅಂದಿದ್ದೇವೆ. ನಿಮ್ಮ ಬೆಳ್ಳಿ ತಟ್ಟೆಗೆ ಚಿನ್ನದ ನೀರು ಬೇಕಾದರೆ ಪರವಾನಗಿ ಇರುವ ಪ್ಲೇಟಿಂಗ್ ಘಟಕಕ್ಕೆ ಕಳಿಸಬೇಕಾಗುತ್ತದೆ, ಎರಡು ವಾರ ಹಿಡಿಯಬಹುದು.

ನಮ್ಮಲ್ಲಿ ಉಳಿಯುವ ದ್ರಾವಣವನ್ನು ಪ್ಲಾಸ್ಟಿಕ್ ಡ್ರಮ್‌ನಲ್ಲಿ ಹಾಕಿ, ಸೋಡಾ ಸೇರಿಸಿ ಹುಳಿ ಇಳಿಸುತ್ತೇವೆ. ತಳದಲ್ಲಿ ಕೂರುವ ಲೋಹದ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಕೆಳಗೆ ಬರುತ್ತದೆ. ಅದನ್ನು ಮನೆ ಕಸದ ಗಾಡಿಗೆ ಹಾಕುವಂತಿಲ್ಲ, ಅಧಿಕೃತವಾಗಿ ತೆಗೆದುಕೊಳ್ಳುವವರಿಗೇ ಕೊಡಬೇಕು. ರಿಜಿಸ್ಟರ್ ಇಟ್ಟಿದ್ದೇವೆ, ಕೇಳಿದರೆ ತೋರಿಸುತ್ತೇವೆ. ಇಷ್ಟು ಸ್ವಲ್ಪಕ್ಕೆ ಇಷ್ಟೊಂದು ಯಾಕೆ ಎಂದು ಕೇಳಿದವರಿದ್ದಾರೆ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟಿದ ಯಗಚಿ ಚಿಕ್ಕಮಗಳೂರು, ಬೇಲೂರು ದಾಟಿ ಬಂದು ಗೊರೂರಿನ ಹತ್ತಿರ ಹೇಮಾವತಿಗೆ ಸೇರುತ್ತದೆ. ಈ ಎರಡು ಹೊಳೆಗಳ ನೀರೇ ನಮ್ಮ ಕಡೆಯ ಗದ್ದೆಗೂ ಕುಡಿಯಲಿಕ್ಕೂ. ದಾರಿಯ ಊರುಗಳಲ್ಲಿ ನಮ್ಮಂಥ ಅಂಗಡಿಗಳು ಎಷ್ಟಿವೆ ಯೋಚಿಸಿ, ಪ್ರತಿಯೊಬ್ಬರೂ ಸ್ವಲ್ಪವೇ ತಾನೇ ಅಂದರೆ ಏನಾಗುತ್ತದೆ.

ವೇಸ್ಟೇಜ್ ಅಂತ ಹಾಕುತ್ತೀರಲ್ಲ, ಅಷ್ಟು ಚಿನ್ನ ನಿಜವಾಗಿ ಹಾಳಾಗುತ್ತದಾ?

ಅಷ್ಟು ಹಾಳಾಗುವುದಿಲ್ಲ. ಅರ ಉಜ್ಜಿದ ಪುಡಿ ಬೆಂಚಿನ ಕೆಳಗಿನ ತಟ್ಟೆಗೆ ಬೀಳುತ್ತದೆ. ನೆಲದ ಧೂಳು, ಕೈ ತೊಳೆದ ನೀರು, ಪಾಲಿಶ್ ಬ್ರಷ್, ಹಳೇ ಮ್ಯಾಟ್, ಎಲ್ಲದರಲ್ಲೂ ಚಿನ್ನ ಇರುತ್ತದೆ, ಎಲ್ಲವನ್ನೂ ಕೂಡಿಡುತ್ತೇವೆ. ಅದರಿಂದ ಬಹಳಷ್ಟು ವಾಪಸ್ ಬರುತ್ತದೆ. ಬಿಲ್ಲಿನಲ್ಲಿ ವೇಸ್ಟೇಜ್ ಎಂದು ಶೇಕಡಾ ಲೆಕ್ಕದಲ್ಲಿ ಬರೆಯುವುದರಲ್ಲಿ ಹೆಚ್ಚಿನ ಪಾಲು ನಿಜಕ್ಕೂ ಕೂಲಿ ಮತ್ತು ಲಾಭ. ಇದರಿಂದ ಗಿರಾಕಿಗೆ ತೊಂದರೆ ಏನೆಂದರೆ ಚಿನ್ನದ ರೇಟ್ ಏರಿದ ಹಾಗೆ ಕೂಲಿಯೂ ತಾನಾಗಿ ಏರುತ್ತದೆ, ಕೆಲಸ ಅಷ್ಟೇ ಇದ್ದರೂ. ನಾವು ಮಜೂರಿಯನ್ನು ರೂಪಾಯಿಯಲ್ಲೇ ಬರೆಯುತ್ತೇವೆ. ಅರಗು ತುಂಬಿದ ಗುಂಡು, ಹರಳು ಕೂರಿಸಿದ ಒಡವೆ ಆದರೆ ಅರಗಿನ ತೂಕ, ಹರಳಿನ ತೂಕ ಕಳೆದು ಬರೀ ಚಿನ್ನದ ತೂಕವನ್ನು ಬೇರೆ ತೋರಿಸುತ್ತೇವೆ.

ಆ ಧೂಳಿನ ವಿಷಯಕ್ಕೆ ಬಂದರೆ ಇನ್ನೊಂದು ಜವಾಬ್ದಾರಿ ಇದೆ. ಅಕ್ಕಸಾಲಿಗರ ಬೀದಿಯ ಚರಂಡಿ ಮಣ್ಣು ಜಾಲಿಸಿ ಚಿನ್ನ ತೆಗೆಯುವ ಬಡವರು ನಮ್ಮ ದೇಶದ ತುಂಬ ಇದ್ದಾರೆ. ಅವರಲ್ಲಿ ಬಹಳ ಜನ ಬರಿಗೈಯಲ್ಲಿ ಪಾದರಸ, ನೈಟ್ರಿಕ್ ಆಸಿಡ್ ಬಳಸುತ್ತಾರೆ. ಅಂಗಡಿ ಧೂಳನ್ನು ಹರಾಜು ಹಾಕಿ ಕೊಟ್ಟುಬಿಟ್ಟರೆ ಆಫ್ರಿಕಾದ ಗಣಿಯಲ್ಲಿ ನಡೆಯುವುದೇ ನಮ್ಮ ಹಿಂದಿನ ಓಣಿಯಲ್ಲೂ ನಡೆಯುತ್ತದೆ. ನಮ್ಮ ಧೂಳು ಪಾದರಸ ಬಳಸದೆ ಸುಟ್ಟು ಕರಗಿಸುವ ರಿಫೈನರಿಗೆ ಹೋಗುತ್ತದೆ.

ಕೆಲಸಗಾರರಿಗೆ ಏನು ಕೊಡುತ್ತೀರಿ?

ಈ ಕಸುಬಿನಲ್ಲಿ ಗ್ರಾಂ ಲೆಕ್ಕದ ಕೂಲಿ ಹಳೇ ಪದ್ಧತಿ. ಸೀಸನ್ನಿನಲ್ಲಿ ಕೈ ತುಂಬ ಕೆಲಸ, ಆಷಾಢ ಬಂತೆಂದರೆ ಖಾಲಿ. ನಮ್ಮಲ್ಲಿ ತಿಂಗಳಿಗೆ ಇಷ್ಟು ಎಂದು ಖಾತರಿ ಸಂಬಳ ಇದೆ, ಅದರ ಮೇಲೆ ಮಾಡಿದ ಕೆಲಸಕ್ಕೆ ಸೇರಿಸಿ ಕೊಡುತ್ತೇವೆ. ಅಕ್ಷಯ ತೃತೀಯ, ವರಮಹಾಲಕ್ಷ್ಮಿ ಹಬ್ಬದ ಮುಂಚೆ ರಾತ್ರಿ ಕೂರಬೇಕಾಗುತ್ತದೆ, ಓವರ್‌ಟೈಮ್‌ಗೆ ಎರಡರಷ್ಟು. ಹತ್ತು ಜನಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಇಎಸ್‌ಐ ಕಡ್ಡಾಯ ಆಗುವುದಿಲ್ಲ, ಎಷ್ಟೋ ಕಡೆ ಜನರನ್ನು ಒಂಬತ್ತಕ್ಕೇ ನಿಲ್ಲಿಸುವುದು ಇದಕ್ಕೇ. ನಮ್ಮಲ್ಲಿ ಎಲ್ಲರ ಹೆಸರಲ್ಲೂ ಆರೋಗ್ಯ ವಿಮೆ ಇದೆ, ವರ್ಷಕ್ಕೊಮ್ಮೆ ಕಣ್ಣು, ಎದೆ ಪರೀಕ್ಷೆ ಆಗುತ್ತದೆ.

ಬಂಗಾಳದಿಂದ ಬಂದ ಹುಡುಗರೂ ನಮ್ಮಲ್ಲಿ ಇದ್ದಾರೆ. ಸೂಕ್ಷ್ಮ ಕೆಲಸದಲ್ಲಿ ಅವರ ಕೈ ನೋಡಬೇಕು. ಈ ಕಸುಬಿನಲ್ಲಿ ವಲಸೆ ಬಂದವರು ಕೆಲಸದ ಕೋಣೆಯಲ್ಲೇ ಅಡುಗೆ ಮಾಡಿಕೊಂಡು, ಗ್ಯಾಸ್ ಸಿಲಿಂಡರ್ ಪಕ್ಕದಲ್ಲೇ ಮಲಗುವುದು ಎಲ್ಲ ಊರಲ್ಲೂ ಸಾಮಾನ್ಯ. ಚಿನ್ನಕ್ಕೆ ಕಾವಲೂ ಆಯಿತು, ಬಾಡಿಗೆಯೂ ಉಳಿಯಿತು ಎಂಬ ಲೆಕ್ಕ. ಬೆಂಕಿ ಬಿದ್ದರೆ, ಬೀಗ ಹೊರಗಿನಿಂದ ಹಾಕಿದ್ದರೆ? ನಮ್ಮ ಹುಡುಗರಿಗೆ ಬೇರೆ ಮನೆ ಇದೆ, ರಾತ್ರಿ ಕೆಲಸದ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಆಧಾರ್ ಕಾರ್ಡು ಅವರದ್ದು ಅವರ ಹತ್ತಿರವೇ ಇರುತ್ತದೆ. ಮುಂಗಡ ಕೊಟ್ಟು ಸಾಲದಲ್ಲಿ ಕಟ್ಟಿಹಾಕುವುದು ಇಲ್ಲ.

ಬೆಂಚಿನ ಮೇಲೆ ಹೊಗೆ ಎಳೆಯುವ ಪೈಪ್ ಇದೆ. ಬೆಸುಗೆಗೆ ಅಡಿಯಲ್ಲಿ ಇಡುವ ಹಳೇ ಆಸ್ಬೆಸ್ಟಾಸ್ ಹಲಗೆ ತೆಗೆದು ಇದ್ದಿಲಿನ, ಸೆರಾಮಿಕ್‌ನ ಹಲಗೆ ಇಟ್ಟಿದ್ದೇವೆ. ಎರಕದ ಅಚ್ಚಿನ ಬಿಳಿ ಪುಡಿಯಲ್ಲಿ ಸಿಲಿಕಾ ಇರುತ್ತದೆ, ಅದನ್ನು ಕಲಸುವಾಗ, ಒಡೆಯುವಾಗ ಮಾಸ್ಕ್ ಕಡ್ಡಾಯ, ಒಡೆಯುವುದು ನೀರಿನಲ್ಲೇ.

ಮಕ್ಕಳು ಕೆಲಸ ಮಾಡುತ್ತಾರಾ?

ಇಲ್ಲ. 14 ವರ್ಷದ ಒಳಗಿನವರನ್ನು ಕೆಲಸಕ್ಕೆ ಇಡುವಂತಿಲ್ಲ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಇಡುವಂತಿಲ್ಲ. ಮನೆತನದ ಕಸುಬು, ಚಿಕ್ಕವರಿದ್ದಾಗಲೇ ಕಲಿಯಬೇಕು ಅನ್ನುವ ಮಾತಿನಲ್ಲಿ ನಿಜ ಇದೆ. ಸ್ಕೂಲ್ ಮುಗಿಸಿ ಬಂದು ಡಿಸೈನ್ ಬರೆಯಲಿ, ಮೇಣದಲ್ಲಿ ಕೆತ್ತಲಿ. ಬೆಂಕಿ, ಆಸಿಡ್ ಹತ್ತಿರ ಬೇಡ. ದೊಡ್ಡವರಾಗಿ ಕಲಿಯುವವರಿಗೆ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಅಕ್ಕಸಾಲಿಗರೂ ಇದ್ದಾರೆ. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷ ಸಾಲ ಸಿಗುತ್ತದೆ.

ವಜ್ರ, ಹರಳು, ಹವಳ?

2003ರಿಂದ ಕಿಂಬರ್ಲಿ ಪ್ರಮಾಣಪತ್ರ ಇದೆ, ಬಂಡುಕೋರರ ಯುದ್ಧಕ್ಕೆ ಹಣವಾಗುವ ಕಚ್ಚಾ ವಜ್ರವನ್ನು ತಡೆಯಲು. ಅದು ಅಷ್ಟನ್ನೇ ನೋಡುತ್ತದೆ. ಗಣಿಯ ಕೂಲಿ, ಮಕ್ಕಳ ದುಡಿಮೆ, ಕಾಡು ಕಡಿದದ್ದು ಅದರ ಲೆಕ್ಕಕ್ಕೆ ಬರುವುದಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವೂ ನಿಜವಾದ ವಜ್ರವೇ, ಗಣಿ ಬೇಕಿಲ್ಲ, ಆದರೆ ಕರೆಂಟ್ ಜಾಸ್ತಿ ಬೇಕು. ಆ ಕರೆಂಟ್ ಕಲ್ಲಿದ್ದಲಿನದ್ದೋ ಸೋಲಾರ್‌ನದ್ದೋ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಅಗ್ಗದ ಅಗೇಟ್ ಮಣಿ ಕೊಳ್ಳುವಾಗಲೂ ನೆನಪಿರಲಿ, ಗುಜರಾತಿನ ಖಂಭಾತ್‌ನಲ್ಲಿ ಆ ಕಲ್ಲು ಉಜ್ಜುವವರು ಸಿಲಿಕೋಸಿಸ್‌ನಿಂದ ಸತ್ತಿದ್ದಾರೆ, ಸಾಯುತ್ತಿದ್ದಾರೆ. ಧೂಳು ಎಳೆಯುವ ಮಷಿನ್ ಇಟ್ಟಿರುವ ಕಡೆಯಿಂದ ಮಾತ್ರ ನಾವು ಮಣಿ ತರಿಸುತ್ತೇವೆ. ನಮ್ಮ ಸಮುದ್ರದ ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಅವನ್ನು ಮುಟ್ಟುವಂತಿಲ್ಲ.

ಮನೆಯಲ್ಲಿ ಹಳೇ ಹುಲಿ ಉಗುರು ಇದೆ, ಚಿನ್ನದ ಕಟ್ಟು ಹಾಕಿಕೊಡುತ್ತೀರಾ?

ಇಲ್ಲ, ಎಷ್ಟೇ ಹಳೆಯದಾದರೂ. ಇದು ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳಲ್ಲಿ ಬಹಳ ಕೇಳುವ ಪ್ರಶ್ನೆ. ಮಗುವಿಗೆ ದೃಷ್ಟಿ ಆಗಬಾರದು, ಭಯ ಬೀಳಬಾರದು ಎಂದು ತಾತನ ಕಾಲದಿಂದ ಬಂದದ್ದು ಅನ್ನುತ್ತಾರೆ. ಆನೆ ಬಾಲದ ಕೂದಲಿನ ಉಂಗುರವನ್ನೂ ಕೇಳುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹುಲಿ, ಆನೆ ಎರಡೂ ಮೊದಲ ಪಟ್ಟಿಯಲ್ಲಿವೆ. ಮಾಲೀಕತ್ವದ ಪತ್ರ ಇಲ್ಲದೆ ಇಟ್ಟುಕೊಳ್ಳುವುದೇ ಅಪರಾಧ, 3ರಿಂದ 7 ವರ್ಷ ಜೈಲು ಆಗಬಹುದು. 2023ರ ಅಕ್ಟೋಬರ್‌ನಲ್ಲಿ ಟಿವಿ ಕಾರ್ಯಕ್ರಮದ ಸ್ಪರ್ಧಿಯೊಬ್ಬರನ್ನು ಹುಲಿ ಉಗುರಿನ ಪದಕ ಹಾಕಿಕೊಂಡಿದ್ದಕ್ಕೆ ಅರಣ್ಯ ಇಲಾಖೆ ಬಂಧಿಸಿದಾಗ ಎಲ್ಲರಿಗೂ ಇದು ಗೊತ್ತಾಯಿತು. ನಮ್ಮಲ್ಲಿಗೂ ಆಗ ಎಷ್ಟೋ ಜನ ಗಾಬರಿಯಿಂದ ಫೋನ್ ಮಾಡಿದರು. ಹತ್ತಿರದ ಅರಣ್ಯ ಕಚೇರಿಯಲ್ಲಿ, ಆದರೆ ವಕೀಲರನ್ನು ಕೇಳಿಕೊಂಡು, ವಿಷಯ ತಿಳಿಸಿ ಎಂದೇ ಹೇಳುತ್ತೇವೆ.

ಪ್ಲಾಸ್ಟಿಕ್ಕಿನ ಉಗುರಿಗೆ ಕಟ್ಟು ಹಾಕಿಕೊಡಿ ಎಂದರೂ ನಾವು ಒಲ್ಲೆವು. ಅದು ಅಪರಾಧ ಅಲ್ಲ, ಆದರೆ ನಕಲಿ ಹಾಕಿಕೊಂಡವರನ್ನು ನೋಡಿ ಅಸಲಿ ಬೇಕು ಅನ್ನಿಸುವವರು ಇರುತ್ತಾರೆ. ಭದ್ರಾ ಹುಲಿ ರಕ್ಷಿತಾರಣ್ಯ ಇಲ್ಲೇ ಪಕ್ಕದಲ್ಲಿದೆ, ಒಂದು ಉಗುರಿನ ಆಸೆಗೆ ಒಂದು ಹುಲಿ ಹೋಗುತ್ತದೆ.

ನಿಮಗೆ ಆರ್‌ಜೆಸಿ ಪ್ರಮಾಣಪತ್ರ ಇದೆಯಾ? ಸಿಎಸ್‌ಆರ್ ಏನು ಮಾಡುತ್ತೀರಿ?

ಇಲ್ಲ. ರೆಸ್ಪಾನ್ಸಿಬಲ್ ಜ್ಯುವೆಲರಿ ಕೌನ್ಸಿಲ್ 2005ರಲ್ಲಿ ಶುರುವಾದದ್ದು, ಅದರ ಆಡಿಟ್ ಒಳ್ಳೆಯದೇ, ನಮ್ಮಂಥ ಚಿಕ್ಕವರಿಗೆ ಖರ್ಚು ಭಾರ. ಅದರ ನಿಯಮಗಳನ್ನು ಓದಿ ಆಗುವಷ್ಟು ಪಾಲಿಸುತ್ತೇವೆ, ಆದರೆ ಅದರ ಹೆಸರು, ಗುರುತು ಹಾಕಿಕೊಳ್ಳುವುದಿಲ್ಲ. ಸಿಎಸ್‌ಆರ್, ಅಂದರೆ ಲಾಭದ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡುವುದು, ಕಾನೂನಿನಲ್ಲಿ ಇರುವುದು ದೊಡ್ಡ ಕಂಪನಿಗಳಿಗೆ. ಗಣೇಶೋತ್ಸವಕ್ಕೆ, ಸ್ಕೂಲಿಗೆ ಕೈಲಾದಷ್ಟು ಕೊಡುತ್ತೇವೆ, ಅದನ್ನು ಇಲ್ಲಿ ಬರೆದು ಹೇಳುವಂಥದ್ದೇನಿಲ್ಲ. ಹೊಗೆಯ ಪೈಪ್ ಹಾಕಿಸದೆ ಪೆಂಡಾಲಿಗೆ ಚಂದಾ ಕೊಟ್ಟರೆ ಅದು ಜವಾಬ್ದಾರಿ ಆಗುವುದಿಲ್ಲ.

ಡಬ್ಬಿ ಯಾಕೆ ಕೊಡುವುದಿಲ್ಲ?

ಬಟ್ಟೆ ಚೀಲ ಕೊಡುತ್ತೇವೆ. ಸ್ಪಂಜು, ಪ್ಲಾಸ್ಟಿಕ್ಕಿನ ಡಬ್ಬಿ ಬೇಕೇ ಬೇಕು ಅಂದರೆ ಹಳೆಯದು ತನ್ನಿ.

ಮನೆಯಲ್ಲಿ ಒಡವೆ ತೊಳೆಯುವುದು ಹೇಗೆ?

ಉಗುರು ಬೆಚ್ಚಗಿನ ನೀರಿನಲ್ಲಿ ಅಂಟವಾಳ ನೆನೆಸಿ, ಮೆತ್ತನೆಯ ಬ್ರಷ್‌ನಲ್ಲಿ ಉಜ್ಜಿ. ಮುತ್ತು, ಹವಳ ನೆನೆಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಸಾಕು. ಟೂತ್‌ಪೇಸ್ಟ್ ಬೇಡ, ಗೀರು ಬೀಳುತ್ತದೆ. ಮನೆ ಬಾಗಿಲಿಗೆ ಪಾಲಿಶ್ ಎಂದು ಬಂದವರಿಗೆ ಕೊಡಲೇಬೇಡಿ, ಅವರು ಬಳಸುವ ಆಸಿಡ್ ಚಿನ್ನ ಕರಗಿಸಿಕೊಂಡು ಹೋಗುತ್ತದೆ, ಉಳಿದದ್ದನ್ನು ನಿಮ್ಮದೇ ಚರಂಡಿಗೆ ಚೆಲ್ಲುತ್ತಾರೆ.

ಬೇರೆ ಅಂಗಡಿಯಲ್ಲಿ ಕೊಳ್ಳುವಾಗ ಏನು ಕೇಳಬೇಕು?

ಈ ಪ್ರಶ್ನೆ ನಮಗೆ ಖುಷಿ ಕೊಡುತ್ತದೆ. ಗಟ್ಟಿ ಯಾವ ರಿಫೈನರಿಯದ್ದು ಎಂದು ಕೇಳಿ. ಬೆಸುಗೆಯಲ್ಲಿ ಕ್ಯಾಡ್ಮಿಯಂ ಇದೆಯಾ ಕೇಳಿ. ಒಡವೆ ಮಾಡಿದವರು ಎಲ್ಲಿದ್ದಾರೆ, ಅವರ ಕೋಣೆ ನೋಡಬಹುದಾ ಕೇಳಿ. ಚಿನ್ನದ ಭಯಕ್ಕೆ ಒಳಗೆ ಬಿಡದಿರಬಹುದು, ಅದರಲ್ಲಿ ತಪ್ಪಿಲ್ಲ, ಆದರೆ ಉತ್ತರ ಕೊಡುವ ರೀತಿಯಲ್ಲೇ ಬಹಳ ಗೊತ್ತಾಗುತ್ತದೆ. ಬಿಲ್ ಇಲ್ಲದೆ ಸ್ವಲ್ಪ ಕಡಿಮೆ ಮಾಡಿಕೊಡುತ್ತೇವೆ ಎಂದರೆ ಬೇಡ ಅನ್ನಿ. ನಮ್ಮಲ್ಲಿ ಕೆಲಸದ ಕೋಣೆ ನೋಡಬೇಕಾದರೆ ಮುಂಚೆ ಫೋನ್ ಮಾಡಿ ಸಂಜೆ ನಾಲ್ಕರ ಮೇಲೆ ಬನ್ನಿ, ಆಗ ಬೆಸುಗೆ ಕೆಲಸ ಮುಗಿದಿರುತ್ತದೆ. ಚಪ್ಪಲಿ ಹೊರಗೆ ಬಿಡಬೇಕು, ಹೊರಡುವಾಗ ಕೈ ಕಾಲು ಅಲ್ಲೇ ತೊಳೆಯಬೇಕು, ಆ ನೀರನ್ನೂ ನಾವು ಹಿಡಿದಿಡುತ್ತೇವೆ.